ಹಾನಾ ಅಜ್ಜಿಗೆ ಹೊದಿಸಿದ ಶಾಲು

ಸಿಂಧನೂರು

ವಿಮಾನ ಹತ್ತುವ ಮೊದಲೇ ನಾನು ಟೊರಾಂಟೊದಲ್ಲಿ ಹಲವು ಸಲ ಸತ್ತಿದ್ದೆ. ಒಮ್ಮೆ ಚಳಿಗೆ. ಒಮ್ಮೆ ಎಸ್ಕಲೇಟರಿಗೆ ಧೋತರ ಸಿಕ್ಕಿ. ಧೋತರ ಒಯ್ಯುವ ವಿಚಾರವೇ ಇರಲಿಲ್ಲ, ಆದರೂ ಸತ್ತಿದ್ದೆ. ನನ್ನ ಸ್ವಭಾವವೇ ಅಂಥದು. ಮನೆ ಸಿಂಧನೂರಿನಲ್ಲಿ, ಕೆಲಸ ಲಿಂಗಸುಗೂರಿನ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ. ದಿನಾ ಅದೇ ಬಸ್ಸು, ಅದೇ ದಾರಿ. ಇಷ್ಟು ವರ್ಷಗಳಾದರೂ ಮಸ್ಕಿ ಗುಡ್ಡ ಕಣ್ಣಿಗೆ ಬೀಳುವ ತನಕ ನನಗೆ ಸಮಾಧಾನವಿಲ್ಲ. ಬಸ್ಸು ಬೇರೆಲ್ಲಿಗೋ ಹೊರಟಿದ್ದರೆ?

ಇಂಥವನು ಕೆನಡಾಕ್ಕೆ ಹೊರಟದ್ದು ಹೇಗೆ ಎಂದು ಹೇಳಬೇಕು. ಹೆದರುವ ಮಕ್ಕಳ ಬಗ್ಗೆ ಹಾನಾ ಎಂಬ ಮನಶ್ಶಾಸ್ತ್ರದ ಹಿರಿಯರೊಬ್ಬರು ಬರೆದ ಪುಟ್ಟ ಪುಸ್ತಕವನ್ನು ನಾನು ಕನ್ನಡಕ್ಕೆ ತಂದಿದ್ದೆ. ನಮ್ಮ ಕಾಲೇಜಿನಲ್ಲಿ ಬೇರೆ ಯಾರೂ ಅದನ್ನು ಮುಟ್ಟಲಿಲ್ಲ. ಹೆದರದವರಿಗೆ ಅದು ಯಾಕೆ ಬೇಕು? ಹಾನಾ ಈಗ ತೊಂಬತ್ತರ ಹತ್ತಿರದ ಮುದುಕಿ. ಟೊರಾಂಟೊದ ಯಹೂದಿಗಳ ಒಂದು ಸಣ್ಣ ಬಳಗ ಅವರಿಗೆ ಸನ್ಮಾನ ಇಟ್ಟುಕೊಂಡಿತ್ತು. ದೇವರನ್ನು ಬಿಟ್ಟರೂ ಹಬ್ಬ, ಹಾಡು, ಅಡುಗೆ ಬಿಡದ ಯಹೂದಿಗಳು ಇವರು. ಹಾನಾರನ್ನು ಬೇರೆ ಬೇರೆ ಭಾಷೆಗೆ ಒಯ್ದವರನ್ನೆಲ್ಲ ಕರೆದಿದ್ದರು. ಉಳಿದವರೆಲ್ಲ ಜಾಣರು, ವಿಡಿಯೋದಲ್ಲಿ ಶುಭಾಶಯ ಕಳಿಸಿ ಸುಮ್ಮನಾದರು. ನನಗೆ ಬರುವುದಿಲ್ಲ ಎಂದು ಹೇಳಲಿಕ್ಕೂ ಅಂಜಿಕೆ. ಹಾಗಾಗಿ ಹೊರಟೆ.

ಹೆಂಡತಿ ನೀಲಮ್ಮ ಗಂಟು ಕಟ್ಟುವಾಗ ನಾನು ಮಂಚದ ಮೇಲೆ ಕೂತು ಒಂದೊಂದೇ ಭಯ ಹೇಳುತ್ತಿದ್ದೆ.

"ಅವರಿಗೆ ದೇವರ ಮ್ಯಾಲೆ ನಂಬಿಕಿ ಇಲ್ಲಂತ. ನನ್ನ ಕೊರಳಾಗ ಲಿಂಗ ಐತಿ. ಏನಂತಾರೋ ಏನೋ."

"ಅಂಗಿ ಬಿಚ್ಚಿ ಭಾಷಣ ಮಾಡಾಕ ಹೊಂಟೀರೇನು? ಒಳಗಿರತೈತಿ. ಯಾರ ನೋಡತಾರ?"

"ವಿಭೂತಿ?"

"ವಿಮಾನದಾಗ ಒರೆಸಿಕೊಳ್ರಿ. ಶಿವ ಸಿಟ್ಟಾಗಂಗಿಲ್ಲ. ನಿಮ್ಮನ್ನ ನೋಡಿ ನೋಡಿ ಅವನಿಗೂ ರೂಢಿ ಆಗೇತಿ."

ಸನ್ಮಾನ ಎಂದ ಮೇಲೆ ಬರಿಗೈಲಿ ಹೋಗಲಾದೀತೆ? ಶಾಲು ಬೇಕು. ನಮ್ಮ ಟ್ರಂಕಿನಲ್ಲಿ ಶಾಲುಗಳಿಗೇನು ಕೊರತೆ, ಆದರೆ ಎಲ್ಲವೂ ಮಿರಿಮಿರಿ ಜರಿ, ಗಿಳಿ ಹಸಿರು. ಯಾರೋ ಹೊದಿಸಿದ್ದು, ನಾವು ಇನ್ಯಾರಿಗೋ ಹೊದಿಸಬೇಕಾದದ್ದು. ನೀಲಮ್ಮ ಅವೆಲ್ಲ ಬೇಡವೆಂದಳು. ಲಿಂಗಸುಗೂರಿನಿಂದ ನಾನೇ ಒಂದು ಬಿಳಿಯದು ತಂದೆ, ಎರಡೂ ತುದಿಗೆ ಕಪ್ಪು ಪಟ್ಟಿ ಇದ್ದದ್ದು. ಸೀರೆಗೆ ಕುಚ್ಚು ಕಟ್ಟುವುದರಲ್ಲಿ ನೀಲಮ್ಮನ ಕೈ ಓಣಿಗೆಲ್ಲ ಗೊತ್ತು. ಈ ಶಾಲಿನ ನಾಲ್ಕು ಮೂಲೆಗೂ ಗಂಟಿನ ಮೇಲೆ ಗಂಟು ಹಾಕಿ ಉದ್ದನೆಯ ಬಿಳಿ ಕುಚ್ಚು ಇಳಿಬಿಟ್ಟಳು.

"ಹಿರೇ ಮನಷ್ಯಾಳಿಗೆ ಇದು ಒಪ್ಪತೈತಿ" ಎಂದಳು.

ನನಗೂ ಒಪ್ಪಿಗೆಯಾಯಿತು. ನನ್ನ ಪೆಟ್ಟಿಗೆಯಲ್ಲಿ ನಾನು ಒಂದು ಗಳಿಗೆಯೂ ಅಂಜದೆ ಇಟ್ಟ ವಸ್ತು ಅದೊಂದೇ.

ಹೈದರಾಬಾದ್ ವಿಮಾನ ನಿಲ್ದಾಣ

ಬಳಗಾನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಭಾಮೈದ ಅಮರೇಶ ತನ್ನ ಗಾಡಿಯಲ್ಲಿ ಬಿಡಲು ಬಂದಿದ್ದ. ರಾಯಚೂರು ದಾಟುವವರೆಗೆ ಧೈರ್ಯ ಹೇಳಿದ, ಆಮೇಲೆ ಅವನಿಗೂ ಸಾಕಾಯಿತು.

"ಮಾವಾ, ನೀವು ಇಷ್ಟ ಫಿಕರ್ ಮಾಡಿದರ ಪೈಲಟ್‌ಗೂ ಅಂಜಿಕಿ ಹತ್ತತೈತಿ. ಸುಮ್ನ ಕುಂದ್ರಿ."

"ಗುರೆಳ್ಳು ಪುಡಿ ಕರ್ರಗ ಐತಲೋ. ಮದ್ದು ಅಂತ ಹಿಡಿದರ?"

"ತಿಂದು ತೋರಸ್ರಿ. ಸತ್ತರ ಮದ್ದು, ಸಾಯದಿದ್ದರ ಚಟ್ನಿ."

ತಪಾಸಣೆಯ ಬಾಗಿಲಲ್ಲಿ ಯಂತ್ರ ಕೂಗಿತು. ನನ್ನ ಎದೆಯ ಮೇಲೆ ಲಿಂಗ ಇಟ್ಟ ಬೆಳ್ಳಿ ಕರಡಿಗೆ ಇತ್ತು. ಸಮವಸ್ತ್ರದ ಹುಡುಗ ಅಂಗಿಯ ಮೇಲಿಂದಲೇ ಮುಟ್ಟಿ ಹಿಂದಿಯಲ್ಲಿ ಏನಿದು ಎಂದು ಕೇಳಿದ. "ದೇವರು" ಎಂದೆ, ಕನ್ನಡದಲ್ಲೇ. ಅವನಿಗೆ ಏನು ತಿಳಿಯಿತೋ, ಕೈ ಹಿಂತೆಗೆದು ಮುಂದೆ ಹೋಗು ಎಂದು ತಲೆಯಾಡಿಸಿದ. ಗುರೆಳ್ಳು ಪುಡಿಯನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಟೊರಾಂಟೊದಲ್ಲಿ ಇಳಿದಾಗ ಅಲ್ಲಿಯ ಅಧಿಕಾರಿ ಯಾಕೆ ಬಂದೆ ಎಂದ. ಅಜ್ಜಿಯೊಬ್ಬರ ಸನ್ಮಾನಕ್ಕೆ ಎಂದೆ. ಠಪ್ಪನೆ ಮುದ್ರೆ ಒತ್ತಿದ.

ಅಂಜಿದ್ದು ಒಂದೂ ಆಗಲಿಲ್ಲ. ಬೇರೆಯವರಿಗಾದರೆ ಇದರಿಂದ ಹಗುರಾಗಬೇಕು. ನನಗೆ ಎದೆ ಇನ್ನಷ್ಟು ಭಾರವಾಯಿತು. ಆಗಬೇಕಾದದ್ದು ಮುಂದೆಲ್ಲೋ ಕಾದು ಕೂತಿದೆ, ಇನ್ನೇನು?

ಟೊರಾಂಟೊ, ರೂತ್ ಅವರ ಮನೆ

ನನ್ನನ್ನು ಇಳಿಸಿಕೊಂಡವರು ರೂತ್. ಬಳಗದ ಕಾರ್ಯದರ್ಶಿ, ಹಲ್ಲಿನ ಡಾಕ್ಟರಾಗಿ ನಿವೃತ್ತರಾದವರು, ವಯಸ್ಸು ಅರವತ್ತು ದಾಟಿದೆ. ಅವರ ಗಂಡ ಸ್ಯಾಮ್ ಹೆಚ್ಚು ಮಾತಿಲ್ಲದ ಎತ್ತರದ ಮನುಷ್ಯ; ನನ್ನ ಪೆಟ್ಟಿಗೆ ಹೊತ್ತು ಮೇಲಿನ ಕೋಣೆಗೆ ಇಟ್ಟು, ಹೀಟರಿನ ಗುಂಡಿ ತೋರಿಸಿ ಹೋದರು. ಆ ಗುಂಡಿ ಮುಟ್ಟಲು ಧೈರ್ಯವಾಗದೆ ನಾನು ಕೋಟು ಹಾಕಿಕೊಂಡೇ ಮಲಗಿದೆ. ಬೆಳಿಗ್ಗೆ ಸ್ಯಾಮ್ ನನ್ನನ್ನು ನೋಡಿ, ಹೊರಗೆ ಹೋಗಿ ಬಂದಿರಾ ಎಂದು ಕೇಳಿದರು. ಹೌದು ಎಂದುಬಿಟ್ಟೆ.

ಇಲ್ಲಿ ಯಾರೂ ಯಾರಿಗೂ ಉಣ್ಣಿರಿ ಎಂದು ಒತ್ತಾಯ ಮಾಡುವುದಿಲ್ಲ. ಒಮ್ಮೆ ಕೇಳುತ್ತಾರೆ, ಬೇಡವೆಂದರೆ ತೆಗೆದಿಡುತ್ತಾರೆ. ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಬರೀ ಮರ್ಯಾದೆ, ಊಟಕ್ಕೂ ಅದಕ್ಕೂ ಸಂಬಂಧವಿಲ್ಲ. ಹೀಗೆ ಮರ್ಯಾದೆ ಉಳಿಸಿಕೊಳ್ಳುತ್ತ ನಾನು ಮೊದಲ ದಿನ ಅರೆಹೊಟ್ಟೆಯಲ್ಲಿದ್ದೆ.

ಶುಕ್ರವಾರ ಸಂಜೆ ರೂತ್ ಎರಡು ಮೇಣದ ಬತ್ತಿ ಹಚ್ಚಿದರು. ಜಡೆಯ ಹಾಗೆ ಹೆಣೆದ ಬ್ರೆಡ್ಡಿನ ಮೇಲೆ ಬಟ್ಟೆ ಮುಚ್ಚಿತ್ತು. ಮಂತ್ರ ಬರುತ್ತದೆಂದು ನಾನು ಕೈ ಕಟ್ಟಿ ನಿಂತೆ. ರೂತ್ ಹೇಳಿದ್ದು ಇಷ್ಟೇ: ಈ ಬೆಳಕನ್ನು ಮನುಷ್ಯರು ಹಚ್ಚಿದ್ದು, ಕಾಯಬೇಕಾದವರೂ ಮನುಷ್ಯರೇ.

"ದೇವರ ಹೆಸರು ನಮ್ಮಲ್ಲಿಲ್ಲ. ನಮ್ಮ ಅಜ್ಜಿಯರ ದೀಪ ಇದೆ, ಅವರ ಹಾಡಿದೆ. ಬೇಡುವುದೊಂದನ್ನು ಬಿಟ್ಟಿದ್ದೇವೆ" ಎಂದರು.

ದೇವರಿಲ್ಲ ಎನ್ನುವವರು ನಮ್ಮ ಕಡೆಯೂ ಇದ್ದಾರೆ. ಶ್ರಾವಣ ಸೋಮವಾರ ಮಾತ್ರ ಹೇಳುವುದಿಲ್ಲ. ಇವರು ವಾರವಾರ ದೀಪ ಹಚ್ಚಿ ಹೇಳುತ್ತಾರೆ. ನಾನು ಲಿಂಗ ಕಾಣದಿರಲೆಂದು ಅಂಗಿಯ ಮೇಲಿನ ಗುಂಡಿ ಹಾಕಿದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡೆ.

ಊಟದಲ್ಲಿ ನಿಮ್ಮ ಊರು ಎಂಥದು ಎಂದು ಕೇಳಿದರು. ಕಾಲುವೆ, ಭತ್ತ, ಹಟ್ಟಿಯ ಚಿನ್ನದ ಗಣಿ ಎಲ್ಲ ಹೇಳಿದೆ. ಆಂಧ್ರದಿಂದ ಬಂದು ನೆಲೆಸಿದವರ ಹಳ್ಳಿಗಳನ್ನು ನಾವು ಕ್ಯಾಂಪ್ ಎನ್ನುತ್ತೇವಲ್ಲ, ಆ ಪದ ನಾಲಿಗೆಯ ತುದಿಗೆ ಬಂದಿತ್ತು. ಗೋಡೆಯ ಮೇಲೆ ಸ್ಯಾಮ್ ಅವರ ತೀರಿಹೋದ ಹಿರಿಯರ ಪಟಗಳಿದ್ದವು, ಯುರೋಪಿನಲ್ಲಿ ಉಳಿದು, ಯಹೂದಿಗಳನ್ನು ಕೂಡಿಹಾಕಿ ಕೊಂದ ಕ್ಯಾಂಪುಗಳಿಂದ ಮರಳಿ ಬಾರದವರು. ಪದವನ್ನು ಬ್ರೆಡ್ಡಿನ ಜೊತೆ ನುಂಗಿದೆ. ಕೆಮ್ಮು ಬಂತು.

ಆಮೇಲೆ ರೂತ್ ತಟ್ಟೆ ಒರೆಸುತ್ತ ನನ್ನನ್ನು ನಿಜವಾಗಿ ಹೆದರಿಸಿದರು.

"ನಾಳೆ ಹಾನಾ ಎದ್ದು ಹೋಗದಿದ್ದರೆ ಸಾಕು."

"ಯಾಕೆ ಹೋಗುತ್ತಾರೆ?"

"ಹಿಂದೆ ಎರಡು ಕಡೆ ಹೋಗಿದ್ದಾರೆ. ಪ್ರಾರ್ಥನೆಯ ವಾಸನೆ ಬಂದರೂ ಸಾಕು, ಕೋಲು ತೆಗೆದುಕೊಂಡು ಹೊರಗೆ. ಚಿಕ್ಕವರಿದ್ದಾಗ ಮಡಿವಂತ ಅಪ್ಪನ ಮನೆ ಬಿಟ್ಟು ಬಂದವರು. ನಮಗೆ ಒಪ್ಪಿಗೆ ಕೊಟ್ಟದ್ದೇ ಎಷ್ಟೋ ವರ್ಷ ಬೆನ್ನು ಬಿದ್ದ ಮೇಲೆ. ಬರುವ ವಾರ ದೂರದ ಊರಿಗೆ, ತಂಗಿಯ ಮನೆಗೆ ಹೋಗುತ್ತಿದ್ದಾರೆ. ಮತ್ತೆ ಬರುವುದಿಲ್ಲ."

ರೂತ್ ತಟ್ಟೆ ಜೋಡಿಸಿಡುತ್ತ ತಮ್ಮ ಬಾಲ್ಯದ ಮಾತಿಗೆ ಬಂದರು. ಅವರು ಪುಟ್ಟ ಹುಡುಗಿಯಾಗಿದ್ದಾಗ ಶಾಲೆಯಲ್ಲಿ ಬಾಯಿ ಬಿಡುತ್ತಿರಲಿಲ್ಲವಂತೆ. ಹೆದರಿ ಮೇಜಿನ ಕೆಳಗೆ ಕೂರುತ್ತಿದ್ದರಂತೆ. ಆಗಿನ್ನೂ ತರುಣಿಯಾಗಿದ್ದ ಹಾನಾ ಬಂದು, ಹೊರಗೆ ಬಾ ಎನ್ನದೆ, ತಾವೂ ಮೇಜಿನ ಕೆಳಗೆ ಕೂತರಂತೆ. ಒಂದು ಚಳಿಗಾಲ ಪೂರ್ತಿ.

"ಅದನ್ನು ಅವರಿಗೆ ನಾನು ಒಂದು ಸಲವೂ ಹೇಳಿಲ್ಲ. ಕೃತಜ್ಞತೆ ಎಂದರೆ ಮಾತು ತಿರುಗಿಸುತ್ತಾರೆ. ನಾಳೆ ಎಲ್ಲರೆದುರು ಹೇಳುತ್ತೇನೆ. ಅಲ್ಲಿಯ ತನಕ ಅವರು ಕೂತಿರಬೇಕು, ಅಷ್ಟೇ."

ಕೋಣೆಗೆ ಹೋಗಿ ನೀಲಮ್ಮನಿಗೆ ಫೋನು ಮಾಡಿದೆ. ಅಲ್ಲಿ ಬೆಳಗಾಗಿತ್ತು, ಹಿಂದೆ ಕುಕ್ಕರಿನ ಸಿಳ್ಳೆ.

"ಪ್ರಾರ್ಥನಿ ಅಂದರ ಎದ್ದು ಹೋಗತಾಳಂತ ಆಕಿ. ನಾ ಏನರ ತಪ್ಪು ಮಾಡಿದರ ಏನು ಗತಿ?"

"ಭಾಷಣದಾಗ ಶರಣು ಶರಣಾರ್ಥಿ ಅನ್ನಬ್ಯಾಡ್ರಿ. ಕೈ ಮುಗೀಬ್ಯಾಡ್ರಿ. ಕಾಲು ಮುಟ್ಟಬ್ಯಾಡ್ರಿ. ಶಾಲು ಹೊದಿಸಿ, ಇಂಗ್ಲಿಷಿನ್ಯಾಗ ನಾಕು ಮಾತಾಡಿ, ಬಂದು ಕುಂದ್ರಿ. ಶಾಲಿನ್ಯಾಗ ದೇವರು ಐತೇನು?"

ಖರೆ ಅನ್ನಿಸಿತು.

ಸಭಾಂಗಣ

ಬಾಡಿಗೆಗೆ ಹಿಡಿದ ಶಾಲೆಯ ಹಾಲ್. ನೂರು ಕುರ್ಚಿ ಇರಬಹುದು, ಎಲ್ಲ ತುಂಬಿದ್ದವು. ನಮ್ಮಲ್ಲಿಯ ಹಾಗೆ ಮುಖ್ಯ ಅತಿಥಿಗಾಗಿ ಕಾಯುವುದಿಲ್ಲ, ಹೇಳಿದ ಹೊತ್ತಿಗೆ ಶುರು. ಇದೂ ನನಗೆ ದಿಗಿಲೇ. ನಮ್ಮ ಕಡೆ ಎಮ್ಮೆಲ್ಲೆ ತಡವಾಗಿ ಬರುವುದರಿಂದ ಅಂಜುವವನಿಗೆ ಬೇಕಾದಷ್ಟು ಕಾಲಾವಕಾಶ ಸಿಗುತ್ತದೆ.

ಹಾನಾ ಮೊದಲ ಸಾಲಿನಲ್ಲಿದ್ದರು. ಹಕ್ಕಿಯಷ್ಟು ಸಣ್ಣ ಮುದುಕಿ. ಬೆಳ್ಳಗಿನ ಗಿಡ್ಡ ಕೂದಲು, ಬೂದು ಸ್ವೆಟರು, ಮೊಣಕಾಲ ನಡುವೆ ಕೋಲು. ಯಾರು ಮಾತಾಡಿದರೂ ಬಾಗಿಲ ಕಡೆ ಒಮ್ಮೆ ನೋಡುತ್ತಿದ್ದರು. ಆ ನೋಟ ನನಗೆ ಗೊತ್ತು. ನಾನು ಯಾವ ಮದುವೆಗೆ ಹೋದರೂ ಹಾಗೇ ನೋಡುತ್ತೇನೆ.

ಒಂದು ಹಾಡಾಯಿತು. ಕಾರ್ಯಕ್ರಮದಲ್ಲಿ ನನ್ನ ಸರದಿ ಮೊದಲು, ರೂತ್ ಅವರದು ಕೊನೆಗೆ. ಎದ್ದೆ. ಕೈ ಮುಗಿಯಲಿಲ್ಲ. ಶರಣು ಎನ್ನಲಿಲ್ಲ. ಕಾಲಿನ ಕಡೆ ನೋಡಲೂ ಇಲ್ಲ. "ನಮ್ಮ ಊರಿನಲ್ಲಿ ಕಲಿಸಿದವರಿಗೆ ಹೀಗೆ ಗೌರವ ಕೊಡುತ್ತೇವೆ" ಎಂದು ಇಂಗ್ಲಿಷಿನಲ್ಲಿ ಹೇಳಿ, ಶಾಲಿನ ಮಡಿಕೆ ಬಿಚ್ಚಿ, ಕೊಡವಿ, ಅವರ ಹೆಗಲಿಗೆ ಹೊದಿಸಿದೆ. ನಾಲ್ಕು ಕುಚ್ಚೂ ಚೆಂದಗೆ ಇಳಿಬಿದ್ದವು.

ಚಪ್ಪಾಳೆ ಬರಬೇಕಿತ್ತು. ಬರಲಿಲ್ಲ.

ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ತನಗರಿವಿಲ್ಲದೆ ಎದ್ದು ನಿಂತ. ಎಂದೋ ಬಾಯಿಪಾಠವಾಗಿದ್ದ ಏನೋ ಎರಡು ಪದ ಅವನ ಬಾಯಿಂದ ಜಾರಿದವು. ಕೂಡಲೇ ಕೈಯಿಂದ ಬಾಯಿ ಮುಚ್ಚಿಕೊಂಡ. ಹಾನಾ ಎರಡೂ ಕೈಯಲ್ಲಿ ಶಾಲಿನ ಅಂಚು ಹಿಡಿದರು. ಮುಖದ ರಕ್ತ ಇಳಿದುಹೋಗಿತ್ತು. ಕೋಲೂರಿ ಎದ್ದರು. ಯಾರ ಕಡೆಯೂ ನೋಡದೆ, ಶಾಲು ಹೊದ್ದುಕೊಂಡೇ, ಪಕ್ಕದ ಬಾಗಿಲಿನಿಂದ ಹೊರಗೆ ಹೋದರು.

ರೂತ್ ಕೈಯಲ್ಲಿ ಮಡಚಿದ ಹಾಳೆ ಇತ್ತು. ಅದನ್ನು ಇನ್ನೂ ಸಣ್ಣಗೆ ಮಡಚುತ್ತಿದ್ದರು.

ಸ್ಯಾಮ್ ನನ್ನ ಕಿವಿಯ ಹತ್ತಿರ ಬಾಗಿದರು. "ನಿಮಗೆ ಗೊತ್ತಿರಲಿಕ್ಕಿಲ್ಲ. ನಮ್ಮಲ್ಲಿ ಪ್ರಾರ್ಥನೆಗೆ ನಿಂತಾಗ ಗಂಡಸರು ಹೊದೆಯುವ ಶಾಲು ಹೀಗೇ ಇರುತ್ತದೆ. ಬಿಳಿ, ಕಪ್ಪು ಪಟ್ಟಿ, ನಾಲ್ಕು ಮೂಲೆಗೆ ಗಂಟಿನ ದಾರ. ನಮ್ಮಪ್ಪನನ್ನು ಅದರಲ್ಲೇ ಸುತ್ತಿ ಮಣ್ಣು ಮಾಡಿದೆವು."

ತೊಂಬತ್ತರ ಮುದುಕಿಗೆ, ಎಲ್ಲರೆದುರು, ನಗುನಗುತ್ತ ನಾನು ಮಾಡಿದ್ದು ಇದು.

ಕೋಟುಗಳ ಕೋಣೆ

ಅವರ ಹಿಂದೆ ಕ್ಷಮೆ ಕೇಳಲು ಓಡಿದೆ ಎಂದು ಬರೆದರೆ ಓದುವವರಿಗೆ ಚೆನ್ನಾಗಿರುತ್ತದೆ. ನಾನು ಓಡಿದ್ದು ನನ್ನ ಕೋಟು ತೆಗೆದುಕೊಂಡು ಪಾರಾಗಲು. ಎಲ್ಲಿಗೆ ಎಂದು ಕೇಳಬೇಡಿ; ಆ ಊರಿನಲ್ಲಿ ನನಗೆ ರೂತ್ ಅವರ ಮನೆ ಬಿಟ್ಟರೆ ಇನ್ನೊಂದು ಬಾಗಿಲು ಗೊತ್ತಿರಲಿಲ್ಲ.

ಕೋಟುಗಳನ್ನು ತೂಗುಹಾಕುವ ಸಣ್ಣ ಕೋಣೆ. ಒಳಗೆ ಕಾಲಿಟ್ಟರೆ ಹಾನಾ ಅಲ್ಲೇ ಬೆಂಚಿನ ಮೇಲೆ ಕೂತಿದ್ದಾರೆ, ಒದ್ದೆ ಬೂಟುಗಳ ನಡುವೆ. ಶಾಲು ಇನ್ನೂ ಹೆಗಲ ಮೇಲಿತ್ತು.

"ಅವ್ವಾ!" ಎಂದೆ. ಹೆದರಿಕೆಗೆ ಬೇರೆ ಭಾಷೆ ಬರಲಿಲ್ಲ.

"ನೀವೂ ಓಡಿ ಬಂದಿರಾ?" ಎಂದರು.

"ಹೌದು."

"ಕೂತುಕೊಳ್ಳಿ. ಇಬ್ಬರಿಗೆ ಜಾಗವಿದೆ."

ಕೂತೆ. ನನಗೆ ಗೊತ್ತಿರಲಿಲ್ಲ, ಇದು ನಿಮ್ಮ ಪ್ರಾರ್ಥನೆಯ ವಸ್ತ್ರವೆಂದು ಗೊತ್ತಿರಲಿಲ್ಲ ಎಂದು ಹೇಳಿದ್ದನ್ನೇ ಹೇಳಿದೆ. ಅವರು ಕುಚ್ಚಿನ ಗಂಟುಗಳ ಮೇಲೆ ಬೆರಳಾಡಿಸುತ್ತಿದ್ದರು.

"ಇದನ್ನು ಹೊದಿಸುವಾಗ ನಿಮ್ಮಲ್ಲಿ ಏನು ಹೇಳುತ್ತೀರಿ?"

"ಏನೂ ಇಲ್ಲ. ಫೋಟೋ ತೆಗೆಯುತ್ತಾರೆ."

"ದೇವರು?"

"ಬಂದಿರಬಹುದು, ನಾವು ಕೇಳುವುದಿಲ್ಲ. ಎಲ್ಲರಿಗೂ ಹೊದಿಸುತ್ತೇವೆ. ನಿವೃತ್ತಿಯಾದ ಹೆಡ್‌ಮಾಸ್ಟರಿಗೆ, ಅಪಘಾತ ಮಾಡದ ಬಸ್ ಡ್ರೈವರಿಗೆ. ಕಾಟ ಕೊಟ್ಟ ಅಧಿಕಾರಿಗೆ ವರ್ಗವಾದರೆ ಅವನಿಗೂ, ಖುಷಿಯಿಂದ."

"ಚಳಿಯ ಊರೇ ನಿಮ್ಮದು?"

"ಸಿಂಧನೂರೇ? ಬೆಂಕಿ."

ಅವರು ನಕ್ಕರು. ಒಂದು ಕುಚ್ಚನ್ನು ಮತ್ತೆ ಬೆರಳಿಗೆ ಸುತ್ತಿಕೊಂಡರು.

"ಅಪ್ಪ ತನ್ನದನ್ನು ನನಗೆ ಮುಟ್ಟಲು ಬಿಡುತ್ತಿರಲಿಲ್ಲ. ಹೆಣ್ಣುಮಗಳು. ನಾನು ಪ್ರಾರ್ಥನೆಗೆ ಸಿಟ್ಟಾಗಿ ಎದ್ದು ಹೋಗುತ್ತೇನೆಂದು ಇವರೆಲ್ಲ ತಿಳಿದಿದ್ದಾರೆ. ಈಗ ಇದು ಹೆಗಲ ಮೇಲೆ ಬಿತ್ತಲ್ಲ, ತೆಗೆಯಬೇಕು ಅನ್ನಿಸಲೇ ಇಲ್ಲ. ಬೆಚ್ಚಗಿತ್ತು. ಅದಕ್ಕೇ ಓಡಿದೆ."

ಜಗತ್ತಿಗೆ ಹೆದರಿಕೆಯ ಬಗ್ಗೆ ಹೇಳಿಕೊಟ್ಟ ಮನುಷ್ಯರು ನನ್ನ ಪಕ್ಕದಲ್ಲಿ ಹೆದರಿ ಕೂತಿದ್ದರು. ಒದ್ದೆ ಬೂಟುಗಳನ್ನು ಕಾಲಿಂದ ಸರಿಸಿ ಅವರ ಕೋಲಿಗೆ ಜಾಗ ಮಾಡಿದೆ.

ಬಾಗಿಲಲ್ಲಿ ರೂತ್ ನಿಂತಿದ್ದರು. ಎಷ್ಟು ಕೇಳಿಸಿಕೊಂಡಿದ್ದರೋ. "ನಿಮಗೆ ಹೋಗಬೇಕಿದ್ದರೆ ಟ್ಯಾಕ್ಸಿ ಕರೆಯುತ್ತೇನೆ, ಹಾನಾ. ಬೇಸರವಿಲ್ಲ" ಎಂದರು. ಬೇಸರವಿಲ್ಲ ಎಂದ ದನಿ ಪೂರ್ತಿ ಒದ್ದೆಯಾಗಿತ್ತು.

ಹಾನಾ ಅವರ ಕೈಯಲ್ಲಿದ್ದ ಹಾಳೆ ನೋಡಿದರು. "ಅದು ಏನು?"

"ನಿಮಗೆ ಹೇಳಬೇಕೆಂದಿದ್ದದ್ದು."

"ಉದ್ದವೇ?"

"ಅಲ್ಲ."

ಹಾನಾ ನನ್ನ ತೋಳು ಹಿಡಿದು ಎದ್ದರು. ನಡೆಯುತ್ತ ಮೆಲ್ಲಗೆ ಹೇಳಿದರು: "ಪಕ್ಕದಲ್ಲೇ ಕೂತಿರಿ. ನಾನು ಎದ್ದರೆ ಹಿಡಿದು ಕೂರಿಸಿ."

ಮೊದಲ ಸಾಲು

ಇಂಥ ಕೆಲಸಕ್ಕೆ ನನ್ನನ್ನು ಆರಿಸುವುದೆಂದರೆ! ಬೀದಿನಾಯಿಗೂ ದಾರಿ ಬಿಟ್ಟು ನಡೆಯುವವನು ನಾನು.

ನಾವು ಒಳಗೆ ಬಂದಾಗ ಅವರ ಹೆಗಲ ಮೇಲೆ ಶಾಲು ಹಾಗೇ ಇತ್ತು. ಮಧ್ಯದ ಕಾರ್ಯಕ್ರಮವೆಲ್ಲ ಬಿಟ್ಟು ರೂತ್ ನೇರವಾಗಿ ಮೈಕಿನ ಮುಂದೆ ನಿಂತು ಓದತೊಡಗಿದರು. ಶಾಲೆ, ಮೇಜು, ಮೇಜಿನ ಕೆಳಗಿನ ಹುಡುಗಿ. ಆ ಹುಡುಗಿ ನಾನು ಎಂದರು. ಹಾನಾ ಕಣ್ಣು ಕಿರಿದು ಮಾಡಿ ನೋಡಿದರು, ಇನ್ನೂ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಪಿಸುಗುಟ್ಟಿದರು.

"ನನಗೆ ಈ ಹುಡುಗಿ ನೆನಪಿಲ್ಲ."

ನಾನು ಮೈಕಿನ ಕಡೆ ನೋಡಿದೆ, ರೂತ್ ಓದುತ್ತಲೇ ಇದ್ದರು.

"ಎಷ್ಟೊಂದು ಮಕ್ಕಳು. ಎಷ್ಟೊಂದು ಮೇಜು. ಇವಳಿಗೆ ನಾನು ಹೇಗೆ ಮುಖ ತೋರಿಸಲಿ?" ಎನ್ನುತ್ತಿದ್ದ ಹಾಗೇ ಕೋಲು ಮುಂದೆ ಸರಿಯಿತು. ಎದ್ದೇಬಿಡುವವರ ಹಾಗೆ ಮೈ ಬಾಗಿತು.

ಮೈಕಿನ ಮುಂದಿದ್ದ ರೂತ್ ಅದನ್ನು ಕಂಡರು. ಓದುತ್ತಿದ್ದ ಸಾಲು ನಡುವೆ ತುಂಡಾಯಿತು. ಬಾಯಿ ತೆರೆದೇ ಇತ್ತು, ದನಿ ಬರಲಿಲ್ಲ. ಅರವತ್ತು ದಾಟಿದ ಆ ಮುಖದಲ್ಲಿ ಮೇಜಿನ ಕೆಳಗಿನ ಹುಡುಗಿ ನನಗೂ ಕಂಡಳು.

ಹಿಡಿದು ಕೂರಿಸಿ ಎಂದಿದ್ದರು. ಹಿಡಿಯಲು ಕೈ ಎತ್ತಿಯೂ ಎತ್ತಿದೆ. ಆದರೆ ಅಂಜುವುದರಲ್ಲಿ ನಾನು ಜೀವಮಾನ ಕಳೆದವನು, ಒಂದು ವಿಷಯ ನನಗೆ ಗೊತ್ತಿತ್ತು: ಓಡಲು ನಿಂತವನ ರಟ್ಟೆ ಹಿಡಿದರೆ, ಓಡುವ ಮನಸ್ಸು ಇಲ್ಲದಿದ್ದರೂ ಅವನು ಓಡಿಯೇ ತೀರುತ್ತಾನೆ. ನನಗೆ ಹಾಗೆ ಎಷ್ಟೋ ಸಲ ಆಗಿದೆ. ಕೈ ಇಳಿಸಿದೆ. ಅವರಿಗೂ ಬಾಗಿಲಿಗೂ ನಡುವೆ ಅಡ್ಡವಿದ್ದದ್ದು ನನ್ನ ಎರಡು ಮೊಣಕಾಲು. ಅವನ್ನು ಕುರ್ಚಿಯ ಕೆಳಗೆ ಎಳೆದುಕೊಂಡು ದಾರಿ ಬಿಟ್ಟೆ.

ಹಾನಾ ಆ ಖಾಲಿ ಜಾಗ ನೋಡಿದರು. ಬಾಗಿಲು ನೋಡಿದರು. ಆಮೇಲೆ ಮೈಕಿನ ಮುಂದೆ ನಿಂತ ರೂತ್ ಅವರನ್ನು ನೋಡಿದರು. ನಾನು ತಪ್ಪು ಮಾಡಿದ್ದರೆ? ಇವರು ಹೋಗಿಯೇಬಿಟ್ಟರೆ ರೂತ್ ಅವರಿಗೆ ಏನು ಹೇಳಲಿ, ಕಾಲು ಮಡಚಿಕೊಂಡೆ ಎಂದೇ?

ಕೋಲು ಮೆಲ್ಲಗೆ ಕುರ್ಚಿಯ ಕೆಳಗೆ ಹೋಯಿತು. ಹಾನಾ ಹಿಂದಕ್ಕೆ ಒರಗಿ, ಜಾರಿದ್ದ ಶಾಲನ್ನು ಕೊರಳ ತನಕ ಎಳೆದುಕೊಂಡರು. ರೂತ್ ಕಡೆ ಕೈ ಬೀಸಿದರು, ಹೇಳು ಹೇಳು ಎನ್ನುವ ಹಾಗೆ. ಮತ್ತೆ ನನ್ನತ್ತ ಬಾಗಿ ಕೇಳಿದರು:

"ಮುಂದೆ ಏನಾಯಿತಂತೆ ಆ ಹುಡುಗಿಗೆ?"

"ಗೊತ್ತಿಲ್ಲ" ಎಂದೆ. "ಕೇಳೋಣ."